ಚಿಲಕ ಯಾವ ಕಡೆಗೆ?

ಕೊಯ್ಲು ಮುಗಿದು ಕಾಳು ಮನೆ ಸೇರುವ ದಿನಗಳು. ವರ್ಷವಿಡೀ ಬಡಗಿಯ ನೆನಪೇ ಇಲ್ಲದವರಿಗೂ ಈಗ ಬಡಗಿ ಬೇಕು. ಒಬ್ಬರ ಕಾಳಿನ ಕೋಣೆಯ ಬಾಗಿಲು ಜೋತುಬಿದ್ದಿದೆ, ಇನ್ನೊಬ್ಬರ ಹೊಸ್ತಿಲನ್ನು ಗೆದ್ದಲು ತಿಂದಿದೆ, ಮತ್ತೊಬ್ಬರ ಮನೆಯಲ್ಲಿ ಇಲಿ ದಾರಿ ಮಾಡಿಕೊಂಡಿದೆ. ಎಲ್ಲರ ಕೆಲಸವೂ ಇವತ್ತೇ ಆಗಬೇಕು. ಬಡಗಿ ಬೆಳಕು ಹರಿದಾಗಿನಿಂದ ಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ ನಿಂತು ಒಂದು ಹಲಗೆಗೆ ಕೀಸುಳಿ ಹಿಡಿದಿದ್ದ. ಮರದ ಸುರುಳಿಗಳು ಪಾದ ಮುಚ್ಚುವಷ್ಟು ಬಿದ್ದಿದ್ದವು.

ಆ ಸುರುಳಿಗಳ ನಡುವೆ ಅವನ ಮಗಳು ಕೂತಿದ್ದಳು. ಎಂಟು ವರ್ಷ. ಬಾಯಿ ಬಿಟ್ಟರೆ ನಿಲ್ಲಿಸದವಳು ಎಂದು ಊರಿನವರೆಲ್ಲ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು. ಆದರೆ ಐದು ದಿನದಿಂದ ಗಿಣಿಗೆ ಮಾತಿಲ್ಲ. ಐದು ದಿನದಿಂದ ಶಾಲೆಯೂ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಎನ್ನುತ್ತಾಳೆ. ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುತ್ತಾಳೆ.

ದೂರದ ಒಂದು ಪಟ್ಟಣದಲ್ಲಿ ಯಾವನೋ ಒಬ್ಬ ಬಂದೂಕು ಹಿಡಿದು ಶಾಲೆಗೆ ನುಗ್ಗಿದ ಸುದ್ದಿ ಬಂದು ಒಂಬತ್ತು ದಿನವಾಗಿತ್ತು. ಮಕ್ಕಳು ಸತ್ತಿದ್ದರು. ಆ ಪಟ್ಟಣವನ್ನು ಈ ಊರಿನಲ್ಲಿ ಯಾರೂ ಕಂಡವರಲ್ಲ. ಆದರೂ ಕ್ಷೌರದ ಅಂಗಡಿಯಲ್ಲಿ, ಹಾಲಿನ ಕೇಂದ್ರದಲ್ಲಿ, ಬಸ್ಸು ನಿಲ್ಲುವ ಕಟ್ಟೆಯಲ್ಲಿ, ಎಲ್ಲರ ಫೋನಿನಲ್ಲೂ ಅದೇ ಚಿತ್ರ, ಅದೇ ಕೂಗು. ನಮ್ಮ ಶಾಲೆಯಲ್ಲೂ ಏನಾದರೂ ಮಾಡಬೇಕು ಎಂದು ದೊಡ್ಡ ಟೀಚರ್ ಬಡಗಿಗೆ ಹೇಳಿಕಳಿಸಿದ್ದರು: ಮೂರೂ ಕೋಣೆಗಳಿಗೆ ಗಟ್ಟಿ ಚಿಲಕ ಬೇಕು. ಶನಿವಾರ ಅವರು ಮೀಟಿಂಗಿಗೆ ಹೋಗಿದ್ದಾಗ ಬಡಗಿ ಹೋಗಿ ಒಂದೇ ಬೆಳಗಿನಲ್ಲಿ ಹಾಕಿ ಮುಗಿಸಿದ್ದ. ಡಬ್ಬಿಯಿಂದ ಸ್ಕ್ರೂ ಆರಿಸಿಕೊಡಲು ಗಿಣಿಯೇ ಜೊತೆಗಿದ್ದಳು. ಸೋಮವಾರದಿಂದ ಹೊಟ್ಟೆನೋವು ಶುರುವಾಯಿತು.

ಮಂಗಳವಾರ ಬಡಗಿ ಅವಳನ್ನು ಎತ್ತಿಕೊಂಡೇ ಹೋಗಿದ್ದ. ಶಾಲೆಯ ಗೇಟು ಬಂತು ಎನ್ನುವಾಗ ಅವಳು ಸರಳು ಹಿಡಿದು ಕಿರುಚಿದ ರೀತಿಗೆ ರಸ್ತೆಯವರೆಲ್ಲ ತಿರುಗಿ ನೋಡಿದರು. ಬಡಗಿ ತಲೆ ತಗ್ಗಿಸಿ ವಾಪಸು ಕರೆತಂದ. ಆಮೇಲೆ ದೊಡ್ಡ ಟೀಚರ್ “ಒಂದು ಸಲ ಬಂದು ಹೋಗಿ” ಎಂದು ಎರಡು ಸಲ ಹೇಳಿಕಳಿಸಿದರೂ, ಮಗಳ ವಿಷಯಕ್ಕೆ ಬೈಯುತ್ತಾರೆ ಎಂದುಕೊಂಡು ಅವನು ಆ ಕಡೆ ತಲೆ ಹಾಕಲಿಲ್ಲ.

ಅವನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. ಅವನೂ ಮೂರನೇ ತರಗತಿಯಲ್ಲಿ ಜ್ವರ ಬಂದು ಎರಡು ವಾರ ಮನೆಯಲ್ಲಿ ಉಳಿದವನೇ. ಎರಡು ವಾರ ಎರಡು ತಿಂಗಳಾಯಿತು, ಕೈಗೆ ಉಳಿ ಬಂತು, ಶಾಲೆ ಅಲ್ಲಿಗೆ ಮುಗಿಯಿತು. ಇವತ್ತಿಗೂ ಗಿರಾಕಿಗಳ ಅಳತೆಯನ್ನು ಚೀಟಿಯಲ್ಲಿ ಬರೆದುಕೊಡುವುದು ಮಗಳೇ. ಮನೆಯಲ್ಲಿ ಉಳಿಯುವುದು ಹೇಗೆ ಶುರುವಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಬಡಗಣ್ಣ, ನಮ್ಮ ಆಸ್ಪತ್ರೆ ಬೆಂಚಿನ ಕಾಲು ಯಾವಾಗ ಕೊಡ್ತೀಯ? ಕೂತ ರೋಗಿಗಳೆಲ್ಲ ಉಯ್ಯಾಲೆ ಆಡ್ತಿದ್ದಾರೆ,” ಎನ್ನುತ್ತ ನರ್ಸಕ್ಕ ಸೈಕಲ್ಲಿನಿಂದ ಇಳಿದಳು.

“ಆಡ್ಲಿ ಬಿಡು ನರ್ಸಕ್ಕ, ಅರ್ಧ ಕಾಯಿಲೆ ಹಾಗೇ ವಾಸಿಯಾಗುತ್ತೆ.”

ನರ್ಸಕ್ಕ ನಕ್ಕಳು. ಆಮೇಲೆ ಅವಳ ಕಣ್ಣು ಗಿಣಿಯ ಮೇಲೆ ಬಿತ್ತು. “ಇವತ್ತು ಶುಕ್ರವಾರ ಅಲ್ವಾ? ಶಾಲೆ ಇಲ್ವೇನೇ ಗಿಣಿ?”

ಗಿಣಿ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡಳೇ ಹೊರತು ತಲೆ ಎತ್ತಲಿಲ್ಲ.

“ಹೊಟ್ಟೆನೋವಂತೆ,” ಎಂದ ಬಡಗಿ. “ನಾಟಕ. ಒಂಬತ್ತು ಗಂಟೆಗೆ ಶಾಲೆ ಗಂಟೆ ಹೊಡೆಯೋವರೆಗೂ ನೋವು. ಹತ್ತಕ್ಕೆ ಊಟ ಕೇಳ್ತಾಳೆ.”

ನರ್ಸಕ್ಕ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದಳು, ಜ್ವರ ನೋಡಿದಳು, ನಾಲಿಗೆ ನೋಡಿದಳು. ಏನೂ ಕಾಣಲಿಲ್ಲ. ನಿದ್ದೆ ಹೇಗೆ ಎಂದು ಕೇಳಿದಳು. ಮೂರು ಸಲ ಬೆಚ್ಚಿ ಏಳುತ್ತಾಳೆ, ಹಾಸಿಗೆಯೂ ಒದ್ದೆಯಾಗುತ್ತಿದೆ ಎಂದು ಬಡಗಿ ದನಿ ತಗ್ಗಿಸಿ ಹೇಳಿದ. ಗಿಣಿ ಎದ್ದು ಮನೆಯೊಳಗೆ ಹೋದಳು.

“ನಾಟಕ ಅಲ್ಲ ಬಡಗಣ್ಣ,” ಎಂದಳು ನರ್ಸಕ್ಕ. “ದೊಡ್ಡವರಿಗೆ ಭಯ ತಲೇಲಿ ಕೂತ್ರೆ ಮಕ್ಕಳಿಗೆ ಹೊಟ್ಟೇಲಿ ಕೂರುತ್ತೆ. ಅವಳಿಗೆ ನಿಜವಾಗ್ಲೂ ನೋಯುತ್ತೆ. ಆ ಸುದ್ದಿ ನೋಡಿದ್ದಾಳೆ ಅಲ್ವಾ?”

“ನೋಡದೇ ಇರೋಕೆ ಆಗುತ್ತಾ? ಕ್ಷೌರದ ಅಂಗಡೀಲಿ ನನಗೆ ಗಡ್ಡ ಕೆರೀತಿದ್ದಾಗ ಇವಳು ಪಕ್ಕದಲ್ಲಿ ಕೂತು ಅಂಗಡಿಯವನ ಫೋನ್ ನೋಡ್ತಿದ್ಲು. ನಾಲ್ಕು ಸಲ ತೋರಿಸಿದ ಮಹಾರಾಯ. ಆದ್ರೆ ನಾನು ಸಮಾಧಾನ ಮಾಡಿದ್ದೀನಿ. ದಿನಕ್ಕೆ ಹತ್ತು ಸಲ ಹೇಳಿದ್ದೀನಿ, ಏನೂ ಆಗಲ್ಲ, ಸುಮ್ನಿರು ಅಂತ.”

“ಅವಳು ಏನು ಕೇಳಿದ್ಲು?”

“ಕೇಳೋದೇನು? ಅವಳು ಬಾಯಿ ತೆಗೆದ ತಕ್ಷಣ ನಾನೇ ಹೇಳಿಬಿಡ್ತೀನಿ.”

“ಅಂದ್ರೆ ಅಳತೆ ತಗೊಳ್ಳದೇ ಮರ ಕೊಯ್ದಿದ್ದೀಯ.”

ಬಡಗಿಯ ಕೈ ನಿಂತಿತು. ಈ ಮಾತು ಬೇರೆ ಯಾರಾದರೂ ಅಂದಿದ್ದರೆ ಜಗಳವೇ ಆಗುತ್ತಿತ್ತು. “ಹಾಗಲ್ಲ ನರ್ಸಕ್ಕ,” ಎಂದ. “ಅದರ ಬಗ್ಗೆ ಮಾತಾಡಿದ್ರೆ ಭಯ ಇನ್ನೂ ಹೆಚ್ಚಾಗಲ್ವಾ? ಮಲಗಿರೋ ಹಾವನ್ನ ಕೋಲು ಹಾಕಿ ಎಬ್ಬಿಸೋದ್ಯಾಕೆ?”

“ಮೂರು ಸಲ ಬೆಚ್ಚಿ ಏಳ್ತಾಳೆ ಅಂತ ನೀನೇ ಹೇಳ್ದೆ. ಹಾವೆಲ್ಲಿ ಮಲಗಿದೆ?”

ಅಷ್ಟರಲ್ಲಿ ಬಡಗಿಯ ಹೆಂಡತಿ ಹಾಲಿನ ಕೇಂದ್ರದ ಕೆಲಸ ಮುಗಿಸಿ ಬಂದಳು. ಬೆಳಗಿನ ಹಾಲು ಅಳೆದು ಅಳೆದು ಸೀರೆಯ ಸೆರಗೆಲ್ಲ ಹಾಲಿನ ವಾಸನೆ. ಮಾತು ಯಾವುದರ ಬಗ್ಗೆ ಎಂದು ತಿಳಿದ ಕೂಡಲೇ ಅವಳು ಕೈಚೀಲವನ್ನು ಬೆಂಚಿನ ಮೇಲಿಟ್ಟು, “ಈ ವರ್ಷ ಕಳಿಸೋದು ಬೇಡ,” ಎಂದಳು. “ಶಾಲೆ ಏನು ಓಡಿಹೋಗುತ್ತಾ? ಮುಂದಿನ ವರ್ಷ ನೋಡೋಣ. ಇರೋದು ಒಂದೇ ಮಗಳು.”

“ಮುಂದಿನ ವರ್ಷ ಅಂದೋರ ಮಕ್ಕಳಲ್ಲಿ ಎಷ್ಟು ಜನ ವಾಪಸು ಹೋದ್ರು? ನನ್ನನ್ನ ನೋಡು,” ಎಂದ ಬಡಗಿ.

“ನಿಮಗೇನಾಗಿದೆ? ಜೀವಂತ ಇದ್ದೀರಲ್ಲ. ನನಗೆ ಅಷ್ಟೇ ಸಾಕು.”

ನರ್ಸಕ್ಕ ತಾಯಿಯ ಪಕ್ಕಕ್ಕೆ ಹೋಗಿ ಕೂತಳು.

“ತಾಯಿ ಕರುಳು ಹಾಗೇ ಹೇಳೋದು ತಂಗಿ. ನಾನು ಬೇಡ ಅನ್ನಲ್ಲ. ಆದ್ರೆ ಹುಡುಗಿ ಭಯ ಮನೇಲಿ ಕೂತ್ರೆ ಹೋಗಲ್ಲ, ಬೆಳೆಯುತ್ತೆ. ಮೊದಲು ಅವಳು ಹೆದರ್ತಿರೋದು ಯಾತಕ್ಕೆ ಅಂತ ತಿಳ್ಕೊಳ್ಳೋಣ. ನಾವು ಅಂದ್ಕೊಂಡಿರೋದೇ ಆಗಿರಬೇಕು ಅಂತ ಏನಿಲ್ಲ. ಇವತ್ತಿಂದ ಆ ವಿಡಿಯೋ ಈ ಮನೇಲಿ ಯಾರೂ ನೋಡಬೇಡಿ, ಅವಳ ಕಿವೀಗೆ ಬೀಳೋ ಹಾಗೆ ಮಾತೂ ಆಡಬೇಡಿ. ಏಳೋದು, ಉಣ್ಣೋದು, ಮಲಗೋದು ದಿನಾ ಆಗೋ ಹೊತ್ತಿಗೇ ಆಗ್ಲಿ. ಹಾಸಿಗೆ ಒದ್ದೆ ಮಾಡಿದ್ರೆ ಬೈಬೇಡಿ. ಆಮೇಲೆ ಬಡಗಣ್ಣ, ನೀನು ಕೇಳು. ಎದುರಿಗೆ ಕೂರಿಸ್ಕೊಂಡು ಕೋರ್ಟು ಮಾಡಬೇಡ. ಇಬ್ಬರೂ ಏನಾದ್ರೂ ಕೆಲಸ ಮಾಡ್ತಾ ಇದ್ದಾಗ ಕೇಳು. ಕೇಳಿ, ಬಾಯಿ ಮುಚ್ಚಿಕೊಂಡಿರು.”

“ಬಾಯಿ ಮುಚ್ಚಿಕೊಂಡಿರೋದು ಇವರ ಕೈಲಿ ಆಗೋ ಕೆಲಸ ಅಲ್ಲ,” ಎಂದಳು ಹೆಂಡತಿ. “ಗಿಣಿ ಗಿಣಿ ಅಂತ ಮಗಳಿಗೆ ಹೆಸರು, ಅವಳು ಕಲಿತಿದ್ದು ಯಾರಿಂದ?”

ಮಧ್ಯಾಹ್ನ ಊಟವಾದ ಮೇಲೆ ಬಡಗಿ ಕಾಳಿನ ಕೋಣೆಯ ಬಾಗಿಲನ್ನು ಅಡ್ಡ ಮಲಗಿಸಿದ. ಮಗಳ ಕೈಗೆ ಒಂದು ತುಂಡು ಮರಳು ಕಾಗದ ಕೊಟ್ಟ. ಇಬ್ಬರೂ ಎರಡು ಕಡೆ ಕೂತು ಹಲಗೆ ಉಜ್ಜಿದರು. ಸರ್, ಸರ್ ಎಂಬ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನಿಗೆ ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. ಒಂದು ಮೂಲೆಯನ್ನೇ ಬೇಕಾದದ್ದಕ್ಕಿಂತ ಹೆಚ್ಚು ಉಜ್ಜಿದ.

“ಆ ದೂರದ ಶಾಲೆಯಲ್ಲಿ ಆಗಿದ್ದರ ಬಗ್ಗೆ ನೀನು ಏನು ಕೇಳಿದ್ದೀಯ ಮಗಳೇ?” ಎಂದ ಕೊನೆಗೆ, ಕಣ್ಣನ್ನು ಮರದ ಮೇಲೆಯೇ ಇಟ್ಟು.

ಗಿಣಿ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಒಬ್ಬ ಬಂದ. ಮಕ್ಕಳು ಸತ್ರು. ನಿಜಾನಾ ಅಪ್ಪ?”

‘ಅದೆಲ್ಲ ನಮಗ್ಯಾಕೆ’ ಎಂಬ ಮಾತು ಬಡಗಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. “ನಿಜ. ತುಂಬಾ ಕೆಟ್ಟದಾಯ್ತು. ನನಗೂ ಕೇಳಿ ಸಂಕಟ ಆಯ್ತು. ಅದು ಇಲ್ಲಿಂದ ತುಂಬಾ ದೂರ. ಹಾಗೆ ಆಗೋದು ಬಹಳ ಅಪರೂಪ.”

ಸರ್, ಸರ್. ಅವನು ಕಾದ. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿನಲ್ಲಿ ಮೂರು ಬುದ್ಧಿಮಾತು ಹೇಳಿ ಮುಗಿಸಿರುತ್ತಿದ್ದ.

“ಅಪ್ಪ, ಈ ಬಾಗಿಲಿಗೆ ಚಿಲಕ ಯಾವ ಕಡೆ ಹಾಕ್ತೀಯ?”

“ಕಾಳಿನ ಕೋಣೆಗಾ? ಹೊರಗಡೆ.”

“ಯಾಕೆ?”

“ಕಳ್ಳ ಒಳಗೆ ಹೋಗಬಾರದು ಅಂತ. ಕಾಳೇನು ಒಳಗಿಂದ ಚಿಲಕ ಹಾಕ್ಕೊಳ್ಳುತ್ತಾ? ಅದಕ್ಕೆ ಕೈ ಎಲ್ಲಿದೆ?”

ಗಿಣಿ ಕಾಗದವನ್ನು ಕೆಳಗಿಟ್ಟಳು. “ನಮಗೆ ಇದೆ,” ಎಂದಳು.

ಬಡಗಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ತನ್ನ ಎರಡೂ ಅಂಗೈ ನೋಡಿಕೊಂಡು, ಐದು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು. “ನಮ್ಮ ಕ್ಲಾಸಿಗೂ ನೀನು ಹೊರಗಡೇನೇ ಹಾಕಿದ್ದೀಯ. ಅವನು ಬಂದ್ರೆ ನಮಗೆ ಹಾಕ್ಕೊಳ್ಳೋಕೆ ಆಗಲ್ಲ. ಅವನೇ ಹಾಕಿಬಿಟ್ರೆ ತೆಗೆಯೋಕೂ ಆಗಲ್ಲ. ನೀನು ಹಾಕಿದ್ದು ಅಂದ್ರೆ ಅದು ಮುರಿಯೋದೂ ಇಲ್ಲ.”

ಮರಳು ಕಾಗದ ಬಡಗಿಯ ಕೈಯಿಂದ ಜಾರಿತು. ಮೂವತ್ತು ವರ್ಷ ಅವನು ಬಾಗಿಲು ಮಾಡಿದ್ದ. ಕಾಳಿಗೆ, ಮೇವಿಗೆ, ಹತ್ಯಾರಿಗೆ. ಯಾರೂ ಇಲ್ಲದ ಹೊತ್ತಿನಲ್ಲಿ ಸಾಮಾನು ಕಾಯುವ ಬಾಗಿಲುಗಳು. ಶಾಲೆಯಲ್ಲೂ ಕೈ ತನ್ನ ಪಾಡಿಗೆ ಅದೇ ಕೆಲಸ ಮಾಡಿತ್ತು. ಒಳಗೆ ಮಕ್ಕಳಿರುತ್ತಾರೆ ಎಂಬುದು ಅವನ ಅಳತೆಗೆ ಬಂದಿರಲೇ ಇಲ್ಲ.

“ಯಾಕೆ ಮಗಳೇ ಅವತ್ತೇ ಹೇಳಲಿಲ್ಲ?”

“ಹೇಳೋಕೆ ಬಂದೆ. ಏನೂ ಆಗಲ್ಲ, ಸುಮ್ನಿರು ಅಂದೆ.”

ಅವನು ಹಲಗೆ ದಾಟಿ ಹೋಗಿ ಮಗಳ ಪಕ್ಕದಲ್ಲಿ ಕೂತ. ಅವಳ ಕೂದಲಲ್ಲಿ ಸಿಕ್ಕಿದ್ದ ಮರದ ಪುಡಿಯನ್ನು ತುಂಬಾ ಹೊತ್ತು ಒಂದೊಂದಾಗಿ ತೆಗೆದ.

ಸಂಜೆಯಾಗುವ ಮೊದಲೇ ಗಂಡ ಹೆಂಡತಿ ಶಾಲೆಯಲ್ಲಿದ್ದರು. ದಾರಿಯಲ್ಲಿ ಸಿಕ್ಕ ನರ್ಸಕ್ಕನೂ ಜೊತೆಗೆ ಬಂದಳು. ಗಿಣಿಯನ್ನು ಬರುತ್ತೀಯಾ ಎಂದು ಕೇಳಿದ್ದರು; ಮಕ್ಕಳೆಲ್ಲ ಮನೆಗೆ ಹೋದ ಮೇಲಾದರೆ ಬರುತ್ತೇನೆ ಎಂದಿದ್ದಳು. ಅಪ್ಪನ ಅಂಗಿಯ ತುದಿ ಹಿಡಿದುಕೊಂಡೇ ಗೇಟು ದಾಟಿದಳು.

“ಅಂತೂ ಬಂದ್ರಲ್ಲ!” ಎಂದರು ದೊಡ್ಡ ಟೀಚರ್. “ಎರಡು ಸಲ ಹೇಳಿಕಳಿಸಿದೆ. ಚಿಲಕ ಬೆಟ್ಟದ ಹಾಗೆ ಗಟ್ಟಿಯಾಗಿದೆ, ಆದ್ರೆ...”

“ಆದ್ರೆ ತಪ್ಪು ಕಡೆ ಇದೆ. ನನ್ನ ಮಗಳು ಹೇಳಿದ್ಲು,” ಎಂದ ಬಡಗಿ.

“ನನ್ನದೂ ತಪ್ಪಿದೆ. ಯಾವ ಕಡೆ ಅಂತ ನಾನೂ ಹೇಳಲಿಲ್ಲ, ಆಮೇಲೆ ನಾನೇ ನಿಮ್ಮ ಮನೇಗೆ ಬರಬೇಕಿತ್ತು.”

ಬಡಗಿ ಆಗಲೇ ಸ್ಕ್ರೂಡ್ರೈವರ್ ತೆಗೆದಿದ್ದ. ಮೂರೂ ಬಾಗಿಲಿನ ಹೊರಗಿನ ಚಿಲಕ ಬಿಚ್ಚಿದ. ಒಳಗಿನಿಂದ ಗುಂಡಿ ತಿರುಗಿಸಿದರೆ ಬೀಗ ಬೀಳಬೇಕು, ಹಿಡಿ ಒತ್ತಿದರೆ ಕೀಲಿಕೈ ಇಲ್ಲದೆ ಒಂದೇ ಸಲಕ್ಕೆ ತೆರೆಯಬೇಕು, ಹೊರಗಿನವರಿಗೆ ಟೀಚರ ಹತ್ತಿರವಿರುವ ಕೀಲಿಕೈ ಬೇಕು. ಅಂಥ ಬೀಗ ಸಿಗುತ್ತದೆ, ನಾಳೆಯೇ ಪೇಟೆಗೆ ಹೋಗಿ ತರುತ್ತೇನೆ ಎಂದ. ಬೆಂಕಿ ಬಿದ್ದರೂ ಮಕ್ಕಳು ಓಡಿ ಹೊರಗೆ ಬರಲು ಅದೇ ಸರಿ ಎಂದಳು ನರ್ಸಕ್ಕ.

“ಎಷ್ಟು ಎತ್ತರಕ್ಕೆ ಬೇಕು?” ಎಂದು ಅವನು ಕೇಳಿದ್ದು ದೊಡ್ಡ ಟೀಚರನ್ನಲ್ಲ, ಗಿಣಿಯನ್ನು. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಬಡಗಿ ಅವಳ ಭುಜಕ್ಕೆ ಸರಿಯಾಗಿ ಪೆನ್ಸಿಲಿನಿಂದ ಗೆರೆ ಎಳೆದ. ಹಳೆಯ ಚಿಲಕದ ತೂತು ಅದಕ್ಕಿಂತ ಒಂದೂವರೆ ಅಡಿ ಮೇಲಿತ್ತು.

ತಾಯಿ ಇಷ್ಟು ಹೊತ್ತೂ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. “ಬೀಗ ಹಾಕಿದ್ರೆ ಆಯ್ತಾ ಟೀಚರಮ್ಮ?” ಎಂದಳು. “ಗೇಟು ಹಗಲೆಲ್ಲ ತೆರೆದಿರುತ್ತೆ. ಮೊನ್ನೆ ಪಾತ್ರೆ ಮಾರೋನು ನೆಟ್ಟಗೆ ಕ್ಲಾಸಿನ ತನಕ ಹೋಗಿದ್ದ.”

“ಸೋಮವಾರದಿಂದ ಗೇಟು ಮುಚ್ಚಿರುತ್ತೆ. ಬಂದೋರು ಯಾರೇ ಆಗ್ಲಿ, ಅಲ್ಲೇ ನಿಂತು ಹೆಸರು ಹೇಳಿ, ಬರೆಸಿ ಬರಬೇಕು. ನೀವು ಬಂದ್ರೂ ಅಷ್ಟೇ, ಬೇಜಾರು ಮಾಡ್ಕೊಬೇಡಿ. ಮಗೂನ ಕರ್ಕೊಂಡು ಹೋಗೋರು ಯಾರು ಅಂತ ಮೊದಲೇ ಬರೆದುಕೊಡಿ. ಗಲಾಟೆ ಆದ್ರೆ ಮಕ್ಕಳು ಎಲ್ಲಿ ಸೇರಬೇಕು, ನೀವು ಎಲ್ಲಿ ಬಂದು ಕಾಯಬೇಕು ಅಂತ ಒಂದು ಜಾಗ ಗೊತ್ತು ಮಾಡೋಣ.”

“ಮಕ್ಕಳಿಗೆ ಅಭ್ಯಾಸ ಮಾಡಿಸುವಾಗ ಮೊದಲೇ ಹೇಳಿ ಮಾಡಿಸಿ,” ಎಂದಳು ನರ್ಸಕ್ಕ. “ಬಂದ ಬಂದ ಅಂತ ಕೂಗಿ ನಾಟಕ ಆಡಬೇಡಿ. ಹೆದರಿಸಿ ಕಲಿಸಿದ್ರೆ ಮಕ್ಕಳು ಹೆದರಿಕೇನೇ ಕಲಿಯೋದು. ಇನ್ನೊಂದು ಮಾತು. ಯಾರಾದ್ರೂ ‘ಎಲ್ಲರಿಗೂ ಒಂದು ಗತಿ ಕಾಣಿಸ್ತೀನಿ’ ಅಂತೇನಾದ್ರೂ ಅಂದ್ರೆ, ತಮಾಷೆ ಅಂತ ಬಿಡಬೇಡಿ, ದೊಡ್ಡವರಿಗೆ ಹೇಳಿ. ಅದು ಚಾಡಿ ಅಲ್ಲ. ಹಾಗೆ ಅಂದವನನ್ನೂ ಕೂರಿಸಿ ಮಾತಾಡಿಸಬೇಕು. ಅವನಿಗೂ ಏನೋ ನೋವಿರುತ್ತೆ.”

ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ದೊಡ್ಡ ಟೀಚರ ಮುಖವನ್ನೇ ನೋಡುತ್ತ ಕೇಳಿದಳು: “ಇಷ್ಟೆಲ್ಲ ಮಾಡಿದ ಮೇಲೆ ನನ್ನ ಮಗಳಿಗೆ ಏನೂ ಆಗಲ್ಲ ಅಂತ ಮಾತು ಕೊಡ್ತೀರಾ?”

ಬಡಗಿ ಹೆಂಡತಿಯ ಕೈ ಹಿಡಿಯಲು ಹೋಗಿ ಬಿಟ್ಟ.

“ಕೊಡಲ್ಲಮ್ಮ,” ಎಂದರು ದೊಡ್ಡ ಟೀಚರ್. “ಅಂಥ ಮಾತು ಯಾರೂ ಕೊಡೋಕಾಗಲ್ಲ. ನನ್ನ ಕೈಲಾಗೋದನ್ನ ಒಂದೂ ಬಿಡದೇ ಮಾಡ್ತೀನಿ. ಏನು ಮಾಡಿದ್ವಿ, ಏನು ಮಾಡಿಲ್ಲ ಅಂತ ನೀವು ಕೇಳಿದಾಗೆಲ್ಲ ಮುಚ್ಚಿಡದೇ ಹೇಳ್ತೀನಿ. ಆ ಮಾತು ಕೊಡ್ತೀನಿ.”

ತಾಯಿ ಕಟ್ಟಿದ್ದ ಕೈ ಬಿಟ್ಟಳು. “ಏನೂ ಆಗಲ್ಲ ಅಂತ ಮಾತು ಕೊಟ್ಟಿದ್ರೆ ನಂಬದೇ ಮಗಳನ್ನ ಕರ್ಕೊಂಡು ಮನೇಗೆ ಹೋಗ್ತಿದ್ದೆ,” ಎಂದಳು. “ಗೇಟಿನ ಹತ್ತಿರ ಕೂತ್ಕೊಳ್ಳೋಕೆ ಜನ ಬೇಕಾಗುತ್ತಲ್ಲ. ನಮ್ಮ ಮಹಿಳಾ ಸಂಘದಲ್ಲಿ ಹದಿನಾಲ್ಕು ಜನ ಹೆಂಗಸರಿದ್ದೀವಿ. ದಿನಕ್ಕೊಬ್ಬರಂತೆ ಬರ್ತೀವಿ. ನನ್ನ ಪಾಳಿ ಮೊದಲು ಬರೀರಿ.”

ಭಾನುವಾರ ಕಾಳಿನ ಬಾಗಿಲಿನವರು ಬಂದು ಕೂಗಾಡಿದರೂ ಬಡಗಿ ಶಾಲೆಯ ಕೆಲಸ ಬಿಟ್ಟು ಏಳಲಿಲ್ಲ. “ಇಲಿ ಇನ್ನೊಂದು ದಿನ ತಿನ್ನಲಿ,” ಎಂದ.

ಸೋಮವಾರ ಬೆಳಗ್ಗೆಯೂ ಗಿಣಿಗೆ ಹೊಟ್ಟೆ ನೋಯಿತು. ಯಾರೂ ಸುಳ್ಳು ಎನ್ನಲಿಲ್ಲ. ಮೊದಲ ದಿನ ಮಧ್ಯಾಹ್ನದವರೆಗೆ ಮಾತ್ರ, ಅಪ್ಪ ಬಿಡುವಿನ ತನಕ ಗೇಟಿನಲ್ಲೇ ಇರುತ್ತಾನೆ ಎಂದು ಮೊದಲೇ ಮಾತಾಗಿತ್ತು. ಗೇಟಿನಲ್ಲಿ ಅವಳ ತಾಯಿಯೇ ಪುಸ್ತಕ ಹಿಡಿದು ಕೂತಿದ್ದಳು. “ಹೆಸರು?” ಎಂದು ಗಂಡನನ್ನು ಗದರಿಸಿದಳು. ಬಡಗಿ ಹೆಸರು ಬರೆಸಿಯೇ ಒಳಗೆ ಹೋದ. ಗಿಣಿ ಸಣ್ಣಗೆ ನಕ್ಕಳು.

ಕ್ಲಾಸಿನ ಬಾಗಿಲಲ್ಲಿ ಅವಳು ನಿಂತಳು. ಗುಂಡಿ ತಿರುಗಿಸಿದಳು, ಹಿಡಿ ಒತ್ತಿದಳು. ಇನ್ನೊಂದು ಸಲ ತಿರುಗಿಸಿದಳು, ಒತ್ತಿದಳು. ಒಳಗೆ ಕೂತ ಮಕ್ಕಳೆಲ್ಲ ನೋಡುತ್ತಿದ್ದರು.

ಬಡಗಿ ಟೋಪಿ ತೆಗೆದ. ಮನೆಯಲ್ಲಿ ಎಷ್ಟೇ ಮಾತಾಡಿದರೂ ನಾಲ್ಕು ಜನರ ಮುಂದೆ ನಿಂತು ಮಾತಾಡಿ ಅಭ್ಯಾಸವಿಲ್ಲದವನು, ಮೂವತ್ತು ಮಕ್ಕಳ ಮುಂದೆ ಗಂಟಲು ಸರಿಮಾಡಿಕೊಂಡ. “ನಿಮ್ಮ ಬಾಗಿಲಿಗೆ ನಾನು ಚಿಲಕ ತಪ್ಪು ಹಾಕಿದ್ದೆ. ತಪ್ಪು ಕಂಡುಹಿಡಿದೋಳು ನನ್ನ ಮಗಳು. ಅವಳು ಹೇಳೋಕೆ ಬಂದಾಗ ನಾನು ಕೇಳಿಸ್ಕೊಳ್ಳಲಿಲ್ಲ. ಅದು ನನ್ನ ಎರಡನೇ ತಪ್ಪು. ಇವಳಿಗೆ ಈ ಮಾತು ಹೇಳಬೇಕಾಗಿತ್ತು, ಬಾಕಿ ಇತ್ತು. ಹೇಳಿದ್ದೀನಿ.”

ಗಿಣಿ ಕಿವಿಯವರೆಗೂ ಕೆಂಪಾಗಿ, ಚೀಲ ಎಳೆದುಕೊಂಡು ಹೋಗಿ ತನ್ನ ಜಾಗದಲ್ಲಿ ಕೂತಳು. ಪಕ್ಕದ ಹುಡುಗಿ ಏನೋ ಕೇಳಿದಳು. ಗಿಣಿ ಉತ್ತರ ಕೊಡಲು ಶುರು ಮಾಡಿದಳು. ದೊಡ್ಡ ಟೀಚರ್ ಮೂರು ಸಲ ಮೇಜು ತಟ್ಟಿದರೂ ಅದು ಮುಗಿಯಲಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ವಾರ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಮಗುವಿನ ಶಾಲೆಗೆ ಹೋಗಿ. ಕ್ಲಾಸಿನ ಒಳಗೆ ನಿಂತು, ಮಗುವಿನ ಎತ್ತರಕ್ಕೆ ಬಗ್ಗಿ ಬಾಗಿಲು ನೋಡಿ. ಗೇಟಿನಲ್ಲಿ ಯಾರಿರುತ್ತಾರೆ ಎಂದು ಕೇಳಿ. ಯಾರೂ ಇಲ್ಲ ಎಂದರೆ ನಿಮ್ಮ ಪಾಳಿ ಬರೆಸಿ. ದೂರದಲ್ಲಿ ದುರಂತವಾದಾಗ ಅದರ ವಿಡಿಯೋ ನಿಮ್ಮ ಫೋನಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮಗು ಎರಡು ವಾರ ಕಳೆದರೂ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಶಾಲೆಗೆ ಹೋಗಲಾರದಿದ್ದರೆ ನಾಚಿಕೆ ಪಡದೆ ನಿಮ್ಮ ನರ್ಸಮ್ಮನ ಹತ್ತಿರ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಗು ತನ್ನ ಜೀವಕ್ಕೇ ಅಪಾಯ ಮಾಡಿಕೊಳ್ಳುವ ಮಾತಾಡಿದರೆ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬೇಡಿ.

ಇದಕ್ಕೆಲ್ಲ ಮೊದಲು ಒಂದು ಕೆಲಸವಿದೆ. ‘ಏನು ಕೇಳಿದ್ದೀಯ? ಯಾತಕ್ಕೆ ಹೆದರಿಕೆ?’ ಎಂದು ಮಗುವನ್ನು ಕೇಳಿ, ಅದು ಮಾತು ಮುಗಿಸುವ ತನಕ ಸುಮ್ಮನಿರಿ. ಬಡಗಿ ತನ್ನ ಬಾಕಿ ತೀರಿಸಿದ. ನಿಮ್ಮ ಮನೆಯ ಬಾಕಿಯನ್ನು ಈ ಸಂಜೆಯಾಚೆಗೆ ಉಳಿಸಬೇಡಿ.